ನಿಮಗಿದು ಗೊತ್ತೆ? ಎದೆಯ ಕಾಯಿಲೆಗೆ ಕಿಡ್ನಿ ಕಲ್ಲು!

ಸಾರ್ಕಾಯ್ಡೋಸಿಸ್ ಎಂಬ ಕಾಯಿಲೆಯಲ್ಲಿ ಶ್ವಾಸಕೋಶಕ್ಕೆ ತೊಂದರೆ ಕೊಡುವುದು ನಮ್ಮದೇ ರಕ್ಷಣಾ ಕೋಶಗಳು. ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಒಂದಕ್ಕೊಂದು ಬೆಸೆದು ದೈತ್ಯಕೋಶಗಳಾಗುತ್ತವೆ, ಸುತ್ತ ಟಿ ಕೋಶಗಳು ಮುತ್ತಿಕೊಳ್ಳುತ್ತವೆ. ಹೀಗೆ ಕಟ್ಟಿಕೊಳ್ಳುವ ಪುಟ್ಟ ಗಂಟೇ ಗ್ರ್ಯಾನುಲೋಮಾ. ವಿಚಿತ್ರವೆಂದರೆ, ಮೂತ್ರಪಿಂಡ ಮಾಡಬೇಕಾದ ಕೆಲಸಕ್ಕೂ ಈ ಗಂಟು ಕೈಹಾಕುತ್ತದೆ: ವಿಟಮಿನ್ ಡಿಯ ಸಕ್ರಿಯ ರೂಪವನ್ನು ತಾನೇ ತಯಾರಿಸುತ್ತದೆ. ಮೂತ್ರಪಿಂಡಕ್ಕಾದರೆ ಎಲ್ಲಿ ನಿಲ್ಲಿಸಬೇಕೆಂಬ ಹಿಡಿತವಿದೆ; ಇದಕ್ಕೆ ಅದಿಲ್ಲ. ಹೀಗೆ ಸಕ್ರಿಯ ವಿಟಮಿನ್ ಡಿ ಮಿತಿಮೀರಿದಾಗ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕೆಲವರಿಗೆ ಕಿಡ್ನಿ ಕಲ್ಲೂ ಆಗುವುದುಂಟು. ಅಂಥವರು ವೈದ್ಯರನ್ನು ಕೇಳದೆ ವಿಟಮಿನ್ ಡಿ ಮಾತ್ರೆ ನುಂಗಬಾರದು.

ಎಕ್ಸ್‌ರೇಯಲ್ಲಿ ಸಾರ್ಕಾಯ್ಡೋಸಿಸ್ ಕ್ಷಯವೆಂದೇ ಕಾಣಬಹುದು. ಆದರೆ ಕ್ಷಯದ ಗಂಟಿನ ನಡುಭಾಗ ಸಾಮಾನ್ಯವಾಗಿ ಗಿಣ್ಣಿನಂತೆ ಮೆತ್ತಗೆ ಕೊಳೆತಿರುತ್ತದೆ, ಇದರದ್ದು ಹಾಗಲ್ಲ. ಅನೇಕರಲ್ಲಿ ಗಂಟುಗಳು ತಾವಾಗಿಯೇ ಕರಗುತ್ತವೆ. ಕೆಲವರಲ್ಲಿ ಮಾತ್ರ ಶ್ವಾಸಕೋಶ ನಾರುಗಟ್ಟಿ ಉಸಿರಾಟ ಕಷ್ಟವಾಗುತ್ತದೆ.