ಮದ್ಯ ಸೇವಿಸಿ ವಾಹನ ಚಾಲನೆ: ದಂಡ ಹತ್ತು ಸಾವಿರ, ಹೊರೆ ಎಷ್ಟು?

ಬ್ರಹ್ಮಾವರದಿಂದ ಕುಂದಾಪುರ, ಬೈಂದೂರು ಮಾರ್ಗವಾಗಿ ಶಿರೂರಿನವರೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಈ ಮೂರೂ ತಾಲೂಕುಗಳ ದೈನಂದಿನ ಸಂಚಾರದ ಆಧಾರವಾಗಿದೆ. ಮದುವೆಯ ಮೆಹಂದಿ, ಗೃಹಪ್ರವೇಶದ ಔತಣ, ಗೆಳೆಯರ ಕೂಟ ಮುಗಿಸಿ ತಡರಾತ್ರಿ ಇದೇ ಹೆದ್ದಾರಿಯಲ್ಲಿ ಮರಳುವವರಲ್ಲಿ ಯಾರಾದರೂ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ, ಮನೆಯವರು ಮೊದಲು ಕರೆ ಮಾಡುವುದು ವಾರ್ಡಿನ ಗ್ರಾಮ ಪಂಚಾಯತ್ ಸದಸ್ಯರಿಗೆ. "ಒಂದು ದಂಡ ಕಟ್ಟಿಸಿ ಬಿಡಿಸಿಕೊಡಿ" ಎಂಬುದು ಸಾಮಾನ್ಯವಾಗಿ ಬರುವ ಕೋರಿಕೆ. ಈ ಪ್ರಕರಣಗಳು ಅಷ್ಟಕ್ಕೇ ಮುಗಿಯುವುದಿಲ್ಲ. ದಂಡದ ಮೊತ್ತವು ಒಟ್ಟು ನಷ್ಟದ ಅತಿ ಸಣ್ಣ ಭಾಗ. ಉಳಿದ ಭಾಗವು ಚಾಲಕನ ದುಡಿಮೆ, ವಾಹನದ ಮಾಲೀಕ ಹಾಗೂ ಕುಟುಂಬದ ಆಸ್ತಿಯ ಮೇಲೆ ಬೀಳುತ್ತದೆ. ಈ ಸಂಬಂಧದ ಕಾನೂನು ಮತ್ತು ಲೆಕ್ಕವನ್ನು ಸದಸ್ಯರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 185ರ ಪ್ರಕಾರ, 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಾಂಶ ಇರುವಾಗ ವಾಹನ ಚಲಾಯಿಸುವುದು ಅಥವಾ ಚಲಾಯಿಸಲು ಪ್ರಯತ್ನಿಸುವುದು ಅಪರಾಧ. ಮಾದಕ ವಸ್ತುವಿನ ಪ್ರಭಾವದಲ್ಲಿ, ವಾಹನವನ್ನು ನಿಯಂತ್ರಿಸಲಾಗದ ಸ್ಥಿತಿಯಲ್ಲಿ ಚಲಾಯಿಸುವುದಕ್ಕೂ ಇದೇ ಕಲಂ ಅನ್ವಯಿಸುತ್ತದೆ. ದ್ವಿಚಕ್ರ ವಾಹನ, ಆಟೋರಿಕ್ಷಾ, ಕಾರು, ಟಿಪ್ಪರ್ ಎಂಬ ಭೇದ ಇಲ್ಲಿಲ್ಲ.

2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಮೊದಲ ಅಪರಾಧಕ್ಕೆ 6 ತಿಂಗಳವರೆಗೆ ಕಾರಾಗೃಹ ವಾಸ, ಅಥವಾ ರೂ. 10,000 ದಂಡ, ಅಥವಾ ಎರಡೂ. ಎರಡನೇ ಹಾಗೂ ನಂತರದ ಅಪರಾಧಕ್ಕೆ 2 ವರ್ಷದವರೆಗೆ ಕಾರಾಗೃಹ ವಾಸ, ಅಥವಾ ರೂ. 15,000 ದಂಡ, ಅಥವಾ ಎರಡೂ. ತಿದ್ದುಪಡಿಗೆ ಮೊದಲು ಮೊದಲ ಅಪರಾಧದ ದಂಡದ ಮಿತಿ ರೂ. 2,000 ಮಾತ್ರ ಇತ್ತು. ಹಳೆಯ ಮೊತ್ತವನ್ನೇ ನೆನಪಿನಲ್ಲಿಟ್ಟುಕೊಂಡು ಈ ಅಪರಾಧವನ್ನು ಹಗುರವಾಗಿ ಕಾಣುವವರು ಇದನ್ನು ಗಮನಿಸಬೇಕು.

ಮುಖ್ಯವಾದ ಇನ್ನೊಂದು ಅಂಶವಿದೆ. ಹೆಲ್ಮೆಟ್ ಧರಿಸದಿರುವಂತಹ ಕೆಲವು ಅಪರಾಧಗಳನ್ನು ಕಲಂ 200ರ ಅಡಿ ಸ್ಥಳದಲ್ಲೇ ದಂಡ ಪಾವತಿಸಿ ಮುಗಿಸಿಕೊಳ್ಳಬಹುದು. ಕಲಂ 185 ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಪ್ರಕರಣವು ನ್ಯಾಯಾಲಯಕ್ಕೆ ಹೋಗಲೇಬೇಕು. ಶಿಕ್ಷೆಯನ್ನು ನಿರ್ಧರಿಸುವವರು ನ್ಯಾಯಾಧೀಶರೇ ಹೊರತು ಪೊಲೀಸರಲ್ಲ. ಠಾಣೆಗೆ ಬರುವ ಶಿಫಾರಸಿನ ಕರೆಯಿಂದ ಈ ಸ್ಥಿತಿ ಬದಲಾಗುವುದಿಲ್ಲ.

ತಪಾಸಣೆ ಮತ್ತು ಚಾಲಕನ ಹಕ್ಕು

ಚಾಲಕನು ಮದ್ಯ ಸೇವಿಸಿದ್ದಾನೆಂದು ಸಂಶಯಪಡಲು ಸಕಾರಣವಿದ್ದರೆ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಯು ಕಲಂ 203ರಂತೆ ಉಸಿರಿನ ಪರೀಕ್ಷೆಗೆ ಒಳಪಡುವಂತೆ ಸೂಚಿಸಬಹುದು. ಸಕಾರಣವಿಲ್ಲದೆ ನಿರಾಕರಿಸಿದರೆ, ಆ ನಿರಾಕರಣೆಯೇ ಕಲಂ 205ರಂತೆ ಚಾಲಕನ ವಿರುದ್ಧದ ಸಾಕ್ಷ್ಯಕ್ಕೆ ಪೂರಕವಾಗಬಲ್ಲದು. ಯಂತ್ರಕ್ಕೆ ಊದದೆ ಕುಳಿತರೆ ಪಾರಾಗಬಹುದೆಂಬುದು ತಪ್ಪು ತಿಳಿವಳಿಕೆ.

ಕಾನೂನು ಚಾಲಕನಿಗೆ ರಕ್ಷಣೆಯನ್ನೂ ನೀಡಿದೆ. ಕಲಂ 202ರ ಪ್ರಕಾರ, ಈ ಅಪರಾಧಕ್ಕಾಗಿ ಬಂಧಿತನಾದ ವ್ಯಕ್ತಿಯನ್ನು ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆಗೆ ಒಳಪಡಿಸಬೇಕು. ತಪ್ಪಿದಲ್ಲಿ ಬಿಡುಗಡೆ ಮಾಡಬೇಕು. ವಶದಲ್ಲಿರುವ ವ್ಯಕ್ತಿಯು ಉಚಿತ ಕಾನೂನು ನೆರವಿಗೂ ಅರ್ಹ. ಇದಕ್ಕಾಗಿ ತಾಲೂಕು ಕಾನೂನು ಸೇವಾ ಸಮಿತಿಯನ್ನು ಅಥವಾ 15100 ಸಹಾಯವಾಣಿಯನ್ನು ಸಂಪರ್ಕಿಸಬಹುದು. ರಾತ್ರಿ ಕರೆ ಮಾಡುವ ಮನೆಯವರಿಗೆ ಸದಸ್ಯರು ನೀಡಬಹುದಾದ ನಿಜವಾದ ಸಹಾಯ ಈ ಮಾಹಿತಿಯೇ ಆಗಿದೆ.

ಬೆಳಗಿನ ಚಾಲನೆಯ ಅಪಾಯ

ರಕ್ತದಲ್ಲಿರುವ ಮದ್ಯಾಂಶ ಸರಾಸರಿ ಗಂಟೆಗೆ 15 ಮಿಲಿಗ್ರಾಂನಷ್ಟು ಮಾತ್ರ ಇಳಿಯುತ್ತದೆ. ಮಧ್ಯರಾತ್ರಿ 12 ಗಂಟೆಗೆ 150 ಮಿಲಿಗ್ರಾಂ ಇದ್ದ ವ್ಯಕ್ತಿಯಲ್ಲಿ ಬೆಳಿಗ್ಗೆ 6 ಗಂಟೆಗೆ ಸುಮಾರು 60 ಮಿಲಿಗ್ರಾಂ ಉಳಿದಿರುತ್ತದೆ. ಇದು ಕಾನೂನಿನ ಮಿತಿಯ ಎರಡು ಪಟ್ಟು. ತಣ್ಣೀರು ಸ್ನಾನ, ಕಾಫಿ, ಮಜ್ಜಿಗೆ, ಲಿಂಬೆ ಪಾನಕ ಇವು ಯಾವುವೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ಮುಂಜಾನೆ ಮೀನಿನ ಲಾರಿ, ಹಾಲಿನ ವಾಹನ, ಶಾಲಾ ವಾಹನ ಓಡಿಸುವವರು ಹಿಂದಿನ ರಾತ್ರಿಯ ಸೇವನೆಯಿಂದಲೇ ಅಪರಾಧಿಗಳಾಗುವ ಸಾಧ್ಯತೆ ಇದೆ.

ಪರವಾನಗಿ ಮತ್ತು ದುಡಿಮೆ

ಕಲಂ 206ರ ತಿದ್ದುಪಡಿಯಂತೆ, ಈ ಅಪರಾಧ ಎಸಗಿದನೆಂದು ನಂಬಲು ಕಾರಣವಿರುವ ಚಾಲಕನ ಪರವಾನಗಿಯನ್ನು ಪೊಲೀಸರು ವಶಪಡಿಸಿಕೊಂಡು ಪರವಾನಗಿ ಪ್ರಾಧಿಕಾರಕ್ಕೆ ಕಳುಹಿಸುತ್ತಾರೆ. ಪ್ರಾಧಿಕಾರವು ಚಾಲಕನ ಅಹವಾಲು ಆಲಿಸಿ, ಕಲಂ 19ರಂತೆ ಮೊದಲ ಬಾರಿಗೆ 3 ತಿಂಗಳು ಅನರ್ಹಗೊಳಿಸಬಹುದು. ಪುನಃ ತಪ್ಪು ಮಾಡಿದರೆ ಪರವಾನಗಿಯನ್ನೇ ರದ್ದುಪಡಿಸಬಹುದು. ನ್ಯಾಯಾಲಯದಲ್ಲಿ ಎರಡನೇ ಬಾರಿ ಇದೇ ಅಪರಾಧ ಸಾಬೀತಾದರೆ, ಪರವಾನಗಿ ರದ್ದತಿ ಕಲಂ 22ರಂತೆ ಕಡ್ಡಾಯ.

ಪರವಾನಗಿ ಪತ್ರ ಒಂದೇ ಆಗಿರುವುದರಿಂದ, ಭಾನುವಾರ ಸಂಜೆ ಬೈಕಿನಲ್ಲಿ ಸಿಕ್ಕಿಬಿದ್ದವರ ಸೋಮವಾರದ ಆಟೋ ದುಡಿಮೆಯೂ ನಿಲ್ಲಬಹುದು. ಖರ್ಚು ಕಳೆದು ದಿನಕ್ಕೆ ರೂ. 700 ಉಳಿಯುವ ಚಾಲಕನನ್ನು ಉದಾಹರಣೆಗೆ ತೆಗೆದುಕೊಂಡರೆ, ತಿಂಗಳಿಗೆ 26 ದಿನದಂತೆ ಮೂರು ತಿಂಗಳ ನಷ್ಟ ರೂ. 54,600. ಇದು ನ್ಯಾಯಾಲಯದ ದಂಡದ ಐದು ಪಟ್ಟಿಗೂ ಹೆಚ್ಚು. ಈ ಅವಧಿಯಲ್ಲಿ ವಾಹನ ಸಾಲದ ಕಂತು ನಿಲ್ಲುವುದಿಲ್ಲ. ವಕೀಲರ ಶುಲ್ಕ, ನ್ಯಾಯಾಲಯಕ್ಕೆ ಹೋಗಿಬರುವ ದಿನಗಳ ಕೂಲಿ ಪ್ರತ್ಯೇಕ. ಅನರ್ಹತೆಯ ಅವಧಿಯಲ್ಲಿ ವಾಹನ ಚಲಾಯಿಸಿದರೆ ಕಲಂ 182ರಂತೆ 3 ತಿಂಗಳವರೆಗೆ ಕಾರಾಗೃಹ ವಾಸ, ಅಥವಾ ರೂ. 10,000 ದಂಡ, ಅಥವಾ ಎರಡೂ.

ಈ ಭಾಗದ ಅನೇಕ ಯುವಕರು ಕೊಲ್ಲಿ ರಾಷ್ಟ್ರಗಳ ಉದ್ಯೋಗಕ್ಕೆ ಪ್ರಯತ್ನಿಸುತ್ತಾರೆ. ಕ್ರಿಮಿನಲ್ ನ್ಯಾಯಾಲಯದಲ್ಲಿ ಪ್ರಕರಣ ಬಾಕಿ ಇರುವವರಿಗೆ ಪಾಸ್‌ಪೋರ್ಟ್ ನಿರಾಕರಿಸಲು ಪಾಸ್‌ಪೋರ್ಟ್ ಕಾಯ್ದೆ, 1967ರ ಕಲಂ 6ರಲ್ಲಿ ಅವಕಾಶವಿದೆ. ಅಂಥವರು ವಿದೇಶಕ್ಕೆ ತೆರಳಲು ನ್ಯಾಯಾಲಯದ ಅನುಮತಿ ಪಡೆಯಬೇಕಾಗುತ್ತದೆ. ಸರ್ಕಾರಿ ಸೇವೆಯಲ್ಲಿರುವ ಚಾಲಕರಿಗೂ ವಿನಾಯಿತಿ ಇಲ್ಲ. ಉತ್ತರ ಪ್ರದೇಶದ ಸಶಸ್ತ್ರ ಪೊಲೀಸ್ ಪಡೆಯ ಚಾಲಕರೊಬ್ಬರ ಪ್ರಕರಣದಲ್ಲಿ, ದೊಡ್ಡ ಅನಾಹುತ ಆಗಲಿಲ್ಲ ಎಂಬುದು ರಿಯಾಯಿತಿಗೆ ಕಾರಣವಾಗದು ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ತಳೆಯಿತು.

ವಿಮೆ ಇದ್ದರೂ ಹೊರೆ ಮಾಲೀಕನದ್ದೇ

ಮದ್ಯದ ಪ್ರಭಾವದಲ್ಲಿ ಚಾಲನೆ ಮಾಡುವಾಗ ಆದ ಹಾನಿಯನ್ನು ಸ್ವಂತ ವಾಹನದ ವಿಮಾ ಪಾಲಿಸಿ ಭರಿಸುವುದಿಲ್ಲ. ಮಾಲೀಕ-ಚಾಲಕನ ರೂ. 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯೂ ಇಂತಹ ಸಂದರ್ಭದಲ್ಲಿ ಅನ್ವಯಿಸದು. ಉಸಿರಿನ ಅಥವಾ ರಕ್ತದ ಪರೀಕ್ಷೆ ನಡೆಯದಿದ್ದರೂ, ಇತರ ಸನ್ನಿವೇಶಗಳಿಂದ ಮದ್ಯದ ಪ್ರಭಾವವನ್ನು ವಿಮಾ ಕಂಪನಿ ರುಜುವಾತುಪಡಿಸಬಹುದು. 2007ರಲ್ಲಿ ದೆಹಲಿಯ ಇಂಡಿಯಾ ಗೇಟ್ ಬಳಿ ಸಂಭವಿಸಿದ ಕಾರು ಅಪಘಾತದ ಸಂಬಂಧ, ಇಫ್ಕೋ ಟೋಕಿಯೋ ಮತ್ತು ಪರ್ಲ್ ಬೆವರೇಜಸ್ ನಡುವಿನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಹೀಗೆಯೇ ತೀರ್ಪು ನೀಡಿ, ವಿಮಾ ಕಂಪನಿಯ ಪರವಾಗಿ ಪ್ರಕರಣವನ್ನು ಇತ್ಯರ್ಥಪಡಿಸಿತು.

ಇನ್ನೊಬ್ಬರು ಮೃತಪಟ್ಟಾಗ ಲೆಕ್ಕ ಇನ್ನೂ ಗಂಭೀರವಾಗುತ್ತದೆ. ತಿಂಗಳಿಗೆ ರೂ. 15,000 ದುಡಿಯುವ, ಹೆಂಡತಿ ಹಾಗೂ ಇಬ್ಬರು ಮಕ್ಕಳಿರುವ, ಸ್ವಂತ ಉದ್ಯೋಗದ 30 ವರ್ಷದ ವ್ಯಕ್ತಿ ಮೃತಪಟ್ಟನೆಂದು ಭಾವಿಸೋಣ. ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ಹಾಗೂ 2017ರ ಪ್ರಣಯ್ ಸೇಠಿ ತೀರ್ಪುಗಳಲ್ಲಿ ನಿಗದಿಪಡಿಸಿದ ಸೂತ್ರದಂತೆ ಲೆಕ್ಕ ಹೀಗಿದೆ:

ವಾರ್ಷಿಕ ಆದಾಯ: ರೂ. 1,80,000
ಭವಿಷ್ಯದ ಆದಾಯ ವೃದ್ಧಿ ಶೇ. 40 ಸೇರಿಸಿದಾಗ: ರೂ. 2,52,000
ಸ್ವಂತ ಖರ್ಚಿನ ಮೂರನೇ ಒಂದು ಭಾಗ ಕಳೆದಾಗ: ರೂ. 1,68,000
ವಯಸ್ಸಿಗೆ ಅನುಗುಣವಾದ ಗುಣಕ 17ರಿಂದ ಗುಣಿಸಿದಾಗ: ರೂ. 28,56,000

ಅಂತ್ಯಕ್ರಿಯೆ ಮುಂತಾದ ಬಾಬುಗಳ ಮೊತ್ತ ಹಾಗೂ ಬಡ್ಡಿ ಇದಕ್ಕೆ ಸೇರುತ್ತದೆ. ತಿದ್ದುಪಡಿಯಾದ ಕಾಯ್ದೆಯ ಕಲಂ 150ರಲ್ಲಿ, ಪಾಲಿಸಿಯ ಷರತ್ತಿಗೆ ವಿರುದ್ಧವಾಗಿ ಮದ್ಯದ ಪ್ರಭಾವದಲ್ಲಿ ವಾಹನ ಚಲಾಯಿಸಿರುವುದನ್ನು ವಿಮಾ ಕಂಪನಿಯ ಸಮರ್ಥನೆಯ ಕಾರಣವಾಗಿ ಸೇರಿಸಲಾಗಿದೆ. ಸಂತ್ರಸ್ತ ಕುಟುಂಬಕ್ಕೆ ಕಂಪನಿಯೇ ಮೊದಲು ಪಾವತಿಸುವಂತೆ ನ್ಯಾಯಮಂಡಳಿ ಆದೇಶಿಸಿದರೂ, ಆ ಮೊತ್ತವನ್ನು ಮಾಲೀಕನಿಂದ ವಸೂಲಿ ಮಾಡಲು ಅವಕಾಶ ನೀಡಬಹುದು. ಆಗ ಹತ್ತು ಸಾವಿರದ ದಂಡದಿಂದ ಆರಂಭವಾದ ವಿಷಯವು ಅಡಿಕೆ ತೋಟ, ಮನೆ, ದೋಣಿಯವರೆಗೆ ಬಂದು ನಿಲ್ಲುತ್ತದೆ.

ಸಾವು ಸಂಭವಿಸಿದರೆ ಶಿಕ್ಷೆ

ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದರೆ ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 106ರಂತೆ 5 ವರ್ಷದವರೆಗೆ ಕಾರಾಗೃಹ ವಾಸ ಮತ್ತು ದಂಡ. ಸಾವು ಸಂಭವಿಸಬಹುದೆಂಬ ಅರಿವಿದ್ದೂ ಕೃತ್ಯ ಎಸಗಿದನೆಂದು ಸಾಬೀತಾದರೆ ಕಲಂ 105ರಂತೆ 10 ವರ್ಷದವರೆಗೆ ಶಿಕ್ಷೆ ವಿಧಿಸಬಹುದು. ಮುಂಬಯಿಯ ಕಾರ್ಟರ್ ರಸ್ತೆಯಲ್ಲಿ 2006ರ ನವೆಂಬರ್‌ನಲ್ಲಿ ರಸ್ತೆಬದಿ ಮಲಗಿದ್ದ ಏಳು ಮಂದಿ ಕಾರು ಹರಿದು ಮೃತಪಟ್ಟ ಪ್ರಕರಣದಲ್ಲಿ, ಮದ್ಯ ಸೇವಿಸಿದ್ದ ಚಾಲಕನಿಗೆ ನರಹತ್ಯೆಯ ಕಲಮಿನಡಿ ವಿಧಿಸಿದ್ದ 3 ವರ್ಷದ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಎತ್ತಿಹಿಡಿಯಿತು.

ಕೀಲಿ ಕೊಟ್ಟವರೂ ಹೊಣೆಗಾರರು

ಕಲಂ 188ರಂತೆ, ಈ ಅಪರಾಧಕ್ಕೆ ಕುಮ್ಮಕ್ಕು ನೀಡಿದವರಿಗೂ ಅದೇ ಶಿಕ್ಷೆ. ಕುಡಿದಿರುವುದು ತಿಳಿದೂ ಕೀಲಿ ಕೊಟ್ಟು ವಾಹನ ಚಲಾಯಿಸಲು ಪ್ರೇರೇಪಿಸಿದ ಮಾಲೀಕರು ಇದನ್ನು ನೆನಪಿಡಬೇಕು. ಚಾಲಕ ಅಪ್ರಾಪ್ತನಾಗಿದ್ದರೆ ಕಲಂ 199ಎ ಅನ್ವಯವಾಗಿ, ಪೋಷಕರು ಅಥವಾ ಮಾಲೀಕರಿಗೆ 3 ವರ್ಷದವರೆಗೆ ಕಾರಾಗೃಹ ವಾಸ ಮತ್ತು ರೂ. 25,000 ದಂಡ ವಿಧಿಸಬಹುದು. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಬಾಲಕನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ದೊರೆಯದು.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

1. ವಾರ್ಡ್ ಸಭೆ ಮತ್ತು ಗ್ರಾಮ ಸಭೆಗಳಲ್ಲಿ ಮೇಲಿನ ಪರಿಹಾರದ ಲೆಕ್ಕವನ್ನು ಓದಿ ತಿಳಿಸುವುದು. ದಂಡದ ಮೊತ್ತಕ್ಕಿಂತ ಈ ಲೆಕ್ಕವೇ ಮನೆಯವರ ಮನಸ್ಸಿಗೆ ನಾಟುತ್ತದೆ.

2. ಮೆಹಂದಿ ಹಾಗೂ ಔತಣ ಏರ್ಪಡಿಸುವ ಮನೆಯವರಿಗೆ, ಮದ್ಯ ಸೇವಿಸದ ಒಬ್ಬ ಚಾಲಕನನ್ನು ಅಥವಾ ಬಾಡಿಗೆ ವಾಹನವನ್ನು ಮೊದಲೇ ಗೊತ್ತುಪಡಿಸಲು, ಇಲ್ಲವೇ ಅತಿಥಿಗಳಿಗೆ ರಾತ್ರಿ ತಂಗಲು ಅನುಕೂಲ ಮಾಡಲು ಸಲಹೆ ನೀಡುವುದು.

3. ಆಟೋ, ಟೆಂಪೋ, ಟಿಪ್ಪರ್ ಚಾಲಕರ ಸಂಘಗಳು ಹಾಗೂ ಸ್ವಸಹಾಯ ಗುಂಪುಗಳ ಸಭೆಗಳಲ್ಲಿ ಪರವಾನಗಿ ಅನರ್ಹತೆ ಮತ್ತು ಬೆಳಗಿನ ಚಾಲನೆಯ ಅಪಾಯವನ್ನು ವಿವರಿಸುವುದು.

4. ಅಪಘಾತ ಕಂಡಾಗ 112 ಅಥವಾ 108ಕ್ಕೆ ಕರೆ ಮಾಡಿ ಗಾಯಾಳುವಿಗೆ ನೆರವಾಗುವಂತೆ ಜನರನ್ನು ಉತ್ತೇಜಿಸುವುದು. ಸದುದ್ದೇಶದಿಂದ ನೆರವಾದವರಿಗೆ ಕಲಂ 134ಎ ರಕ್ಷಣೆ ನೀಡಿದೆ.

5. ಬಂಧಿತರ ಮನೆಯವರಿಂದ ಕರೆ ಬಂದಾಗ ಶಿಫಾರಸಿನ ಭರವಸೆ ನೀಡದೆ, ವೈದ್ಯಕೀಯ ಪರೀಕ್ಷೆ, ಜಾಮೀನು ಹಾಗೂ ಕಾನೂನು ನೆರವಿನ ಮಾಹಿತಿಯನ್ನಷ್ಟೇ ನೀಡುವುದು.

ಠಾಣೆಯಿಂದ ಬಿಡಿಸಿ ತಂದ ಸದಸ್ಯರನ್ನು ಜನರು ಕೆಲವು ದಿನ ನೆನೆಯಬಹುದು. ಆದರೆ ಪ್ರಕರಣ ನ್ಯಾಯಾಲಯದಲ್ಲಿ ಹಾಗೆಯೇ ಉಳಿದಿರುತ್ತದೆ. ಔತಣದ ಮನೆಯಲ್ಲಿ ಕೀಲಿ ತೆಗೆದಿರಿಸುವಂತೆ ಮೊದಲೇ ತಿಳಿಹೇಳಿದ ಸದಸ್ಯರಿಂದ ಆ ಕುಟುಂಬಕ್ಕಾಗುವ ಉಪಕಾರ ಇದಕ್ಕಿಂತ ದೊಡ್ಡದು.