ಉಳಿದ ಸಾರು ನಾಯಿಗೆ ಹಾಕೋ ಮುಂಚೆ

ಹೋದ ವರ್ಷ ಹಬ್ಬದ ಬಾಡೂಟ ಉಳಿದಿತ್ತು. ಸಾರು, ಈರುಳ್ಳಿ ಗೊಜ್ಜು ಎಲ್ಲಾ ಕಲಸಿ ತೋಟ ಕಾಯೋ ನಮ್ಮ ಕರಿಯನಿಗೆ ಎರಡು ದಿನ ಹಾಕಿದೆ. ಮೂರ್ನಾಲ್ಕು ದಿನ ಕಳೆದ ಮೇಲೆ ಅವನು ಮೇಲೇಳಲೇ ಇಲ್ಲ. ಒಸಡು ಬಿಳಿಚಿತ್ತು, ಉಚ್ಚೆ ಕಾಫಿ ಡಿಕಾಕ್ಷನ್ ಬಣ್ಣ. ಉಣ್ಣೆ ಕಚ್ಚಿ ಬಂದ ಜ್ವರ ಅಂದ್ಕೊಂಡೆ. ಡಾಕ್ಟರು ಮೊದಲು ಕೇಳಿದ್ದೇ, "ಏನು ತಿನ್ನಿಸಿದ್ರಿ?"

ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಗಂಧಕದ ಅಂಶಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಹುರಿದರೂ, ಪುಡಿ ಮಾಡಿದರೂ ವಿಷ ಹೋಗಲ್ಲ. ನಾಯಿಯ ತೂಕದ ಪ್ರತಿ ಕೆ.ಜಿ.ಗೆ 15ರಿಂದ 30 ಗ್ರಾಂ ಈರುಳ್ಳಿ ಹೊಟ್ಟೆ ಸೇರಿದರೆ ರಕ್ತ ಕೆಡೋಕೆ ಶುರು. ಅಂದ್ರೆ 15 ಕೆ.ಜಿ. ನಾಯಿಗೆ ಎರಡು ಮೂರು ಗಡ್ಡೆ ಸಾಕು. ದಿನಾ ಸ್ವಲ್ಪ ಸ್ವಲ್ಪ ಹಾಕಿದರೂ ಅಪಾಯವೇ. ಲಕ್ಷಣ ಕಾಣೋದು ಕೆಲವು ದಿನ ಬಿಟ್ಟು, ಅಷ್ಟೊತ್ತಿಗೆ ಊಟದ ನೆನಪು ಯಾರಿಗಿರುತ್ತೆ? ಅದಕ್ಕೇ ಡಾಕ್ಟರಿಗೆ ಹಿಂದಿನ ವಾರದ ಊಟವನ್ನೂ ಹೇಳಿ.

ವಿಜಯಪುರದ ಕಡೆಯವರು ಇದನ್ನೂ ಗಮನಿಸಿ: ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿಯನ್ನೇ ನಿಲ್ಲಿಸಬಹುದು. ಇಷ್ಟು ತಿಂದರೆ ಪರವಾಗಿಲ್ಲ ಅನ್ನೋ ಲೆಕ್ಕವೇ ಇಲ್ಲ. ಒಣಗಿಸೋ ಶೆಡ್ಡಿನೊಳಗೆ ನಾಯಿ ಬಿಡಬೇಡಿ. ಚಾಕೊಲೇಟೂ ಬೇಡ. ಬೆಂದ ಕೋಳಿಮೂಳೆ ಸೀಳಿ ಕರುಳಿಗೆ ಚುಚ್ಚುತ್ತೆ.

ತಿಂದದ್ದು ಗೊತ್ತಾದ ಕೂಡಲೇ ಪಶು ಆಸ್ಪತ್ರೆಗೆ ಹೋಗಿ, ಇಲ್ಲವೇ 1962ಕ್ಕೆ ಫೋನ್ ಮಾಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಉಪ್ಪೂ ಹೆಚ್ಚಾದರೆ ವಿಷವೇ.

ಕರಿಯ ಉಳಿದುಕೊಂಡ. ಈಗ ಅವನ ಮುದ್ದೆಗೆ ಈರುಳ್ಳಿ, ಒಗ್ಗರಣೆ ಬೀಳೋ ಮುಂಚೆಯೇ ತೆಗೆದಿಟ್ಟ ಬೇಳೆಕಟ್ಟು.