ಗರ್ಭಧಾರಣೆಯ ಆರಂಭದಲ್ಲಿ ರಕ್ತಸ್ರಾವ: ಕಾರಣಗಳೇನು?

ಗರ್ಭ ನಿಂತ ಮೊದಲ 12 ವಾರಗಳಲ್ಲಿ ರಕ್ತ ಕಾಣಿಸಿಕೊಂಡರೆ ಮನೆಮಂದಿಯ ಮನಸ್ಸು ನೇರವಾಗಿ ಗರ್ಭಪಾತದ ಕಡೆಗೆ ಓಡುತ್ತದೆ. ಆದರೆ ಗರ್ಭಿಣಿಯರಲ್ಲಿ ಸುಮಾರು ನಾಲ್ವರಲ್ಲೊಬ್ಬರಿಗೆ ಈ ಅವಧಿಯಲ್ಲಿ ಅಷ್ಟಿಷ್ಟು ರಕ್ತಸ್ರಾವವಾಗುವುದುಂಟು. ಅವರಲ್ಲಿ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಮಂದಿಯ ಗರ್ಭ ಮುಂದುವರಿಯುತ್ತದೆ.

ಭ್ರೂಣವು ಗರ್ಭಕೋಶದ ಒಳಪದರಕ್ಕೆ ಅಂಟಿಕೊಳ್ಳುವ ವೇಳೆ, ಅಂದರೆ ಮುಟ್ಟು ಬರಬೇಕಾಗಿದ್ದ ದಿನಗಳ ಆಸುಪಾಸಿನಲ್ಲಿ, ಒಂದೆರಡು ತೊಟ್ಟು ರಕ್ತ ಕಾಣಬಹುದು. ಗರ್ಭಕೋಶದ ಕೊರಳಿಗೆ ರಕ್ತಸಂಚಾರ ಹೆಚ್ಚಿರುವುದರಿಂದ ದಾಂಪತ್ಯ ಸಂಪರ್ಕದ ಬಳಿಕ ತುಸು ಸ್ರಾವವಾಗುವುದೂ ಇದೆ. ಸೋಂಕು ಮತ್ತೊಂದು ಕಾರಣ. ಗರ್ಭಚೀಲದ ಹಿಂದೆ ಹೆಪ್ಪುಗಟ್ಟಿದ ರಕ್ತವು ಸ್ಕ್ಯಾನಿಂಗ್‌ನಲ್ಲಿ ಕಂಡರೆ, ಸಣ್ಣದಾಗಿದ್ದಲ್ಲಿ ಅದು ಹೆಚ್ಚಾಗಿ ತಾನೇ ಕರಗುತ್ತದೆ. ಅಪರೂಪಕ್ಕೆ, ಭ್ರೂಣದ ಬದಲು ದ್ರಾಕ್ಷಿಗೊಂಚಲಿನಂಥ ಅಂಗಾಂಶ ಬೆಳೆಯುವುದೂ ಉಂಟು. ಅದಕ್ಕೆ ಚಿಕಿತ್ಸೆ ಬೇಕೇ ಬೇಕು.

ಗರ್ಭಪಾತವೇ ಆಗಿದ್ದರೂ ತಪ್ಪು ತಾಯಿಯದಲ್ಲ. ಆರಂಭದ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ಮೆಟ್ಟಿಲು ಹತ್ತಿದ್ದನ್ನೋ ಬಸ್ಸಿನಲ್ಲಿ ಹೋಗಿದ್ದನ್ನೋ ನೆನೆದು ಸೊಸೆಯನ್ನು ದೂರುವ ಅಭ್ಯಾಸ ನಮ್ಮ ಮನೆಗಳಿಂದ ಇನ್ನಾದರೂ ತೊಲಗಬೇಕು.

ನಿಜವಾಗಿ ಭಯಪಡಬೇಕಾದದ್ದು ಗರ್ಭನಾಳದಲ್ಲಿ ಬೆಳೆಯುವ ಗರ್ಭಕ್ಕೆ. ನೂರರಲ್ಲಿ ಒಂದೆರಡು ಗರ್ಭಗಳು ಹೀಗಾಗುತ್ತವೆ. ನಾಳಕ್ಕೆ ಹಿಗ್ಗುವ ಶಕ್ತಿಯಿಲ್ಲದ್ದರಿಂದ ಅದು ಒಡೆದು, ರಕ್ತವು ಹೊಟ್ಟೆಯೊಳಗೇ ಹರಿಯುತ್ತದೆ. ಹೊರಗೆ ಕಾಣುವುದು ಕೆಲವೇ ತೊಟ್ಟು, ಮೋಸವಿರುವುದು ಅಲ್ಲಿಯೇ. ಕೆಳಹೊಟ್ಟೆಯ ಒಂದು ಬದಿಯಲ್ಲಿ ನೋವು, ಭುಜದ ತುದಿಯಲ್ಲಿ ನೋವು, ತಲೆಸುತ್ತು, ಬವಳಿ ಬೀಳುವುದು – ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆಮಾಡಿರಿ. ಗಂಟೆಗೊಂದರಂತೆ ಪ್ಯಾಡ್ ಪೂರ್ತಿ ತೋಯುತ್ತಿದ್ದರೂ, ಜ್ವರ ಬಂದರೂ ತಡಮಾಡಬಾರದು. ರಕ್ತ ಅಲ್ಪವಾಗಿದ್ದು ನೋವಿಲ್ಲದಿದ್ದರೂ ಅದೇ ದಿನ ಅಥವಾ ಮರುದಿನ ವೈದ್ಯರನ್ನು ಕಾಣತಕ್ಕದ್ದು. ಔಷಧಿ ಅಂಗಡಿಯ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನುಂಗುವುದು ಬೇಡ.

ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಅದನ್ನು ತಪ್ಪದೆ ತಿಳಿಸಬೇಕು. ಮುಂದಿನ ಮಗುವಿನ ರಕ್ಷಣೆಗಾಗಿ ಆ್ಯಂಟಿ-ಡಿ ಚುಚ್ಚುಮದ್ದು ಬೇಕಾಗಬಹುದು.

ವೈದ್ಯರು ಕೇಳುವುದು ಕೊನೆಯ ಮುಟ್ಟಿನ ದಿನಾಂಕ, ತೋಯ್ದ ಪ್ಯಾಡ್‌ಗಳ ಸಂಖ್ಯೆ ಮತ್ತು ನೋವಿನ ಜಾಗ. ಅವರ ಭಾಷೆ ಬಾರದೆಂದು ಹಿಂಜರಿಯಬೇಕಾಗಿಲ್ಲ. ಮಲಯಾಳ, ತೆಲುಗು, ಮರಾಠಿಗಳಲ್ಲಿಯೂ ‘ರಕ್ತಸ್ರಾವ’ ಎಂದರೆ ತಿಳಿಯುತ್ತದೆ. ತಾಳವಾಡಿ, ಹೊಸೂರು ಕಡೆಯವರು ತಮಿಳಿನ ‘ರತ್ತಪ್ಪೋಕ್ಕು’ ಎಂಬ ಪದವನ್ನು ನೆನಪಿನಲ್ಲಿಟ್ಟುಕೊಳ್ಳಬಹುದು. ದಿನಾಂಕ ಮತ್ತು ರಕ್ತದ ಗುಂಪನ್ನು ಚೀಟಿಯಲ್ಲಿ ಬರೆದು ತಾಯಿ-ಮಗುವಿನ ಕಾರ್ಡಿನೊಳಗೆ ಈಗಲೇ ಇಟ್ಟುಬಿಡಿ.